ಕಾಲಿಗೆ ಹುಟ್ಟಿದ ಮಾತು

ನಮ್ಮ ಕಡೆ ‘ಎಫ್‌ಸಿ’ ಅಂದರೆ ಗಾಡಿಯ ಮಾತು. ಟ್ರ್ಯಾಕ್ಟರಿನ ಎಫ್‌ಸಿ ಮುಗಿದಿದೆ, ಲಾರಿಗೆ ಎಫ್‌ಸಿ ಮಾಡಿಸಬೇಕು, ಆರ್‌ಟಿಒ ಆಫೀಸಿಗೆ ಹೋಗಿಬರಬೇಕು. ಚನ್ನಗಿರಿಯಲ್ಲಾಗಲಿ ಜಗಳೂರಿನಲ್ಲಾಗಲಿ ಆ ಎರಡಕ್ಷರಕ್ಕೆ ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ‘ಬಾರ್’ ಅಂದರೆ ಏನೆಂದು ಹೇಳಬೇಕಾದ್ದೇ ಇಲ್ಲ. ಹೀಗಿರುವಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ‘ಕೊನೆಗೂ 12ರಲ್ಲಿ ಎಫ್‌ಸಿ! ಬಾರ್ ಮುಟ್ಟಿಲ್ಲ!’ ಎಂದು ಕಂಡ ಹೊನ್ನಾಳಿಯ ತಾಯಿಯೊಬ್ಬರು ಗಾಬರಿಯಾದದ್ದು ಸಹಜವೇ. ‘ಇವನು ಯಾವ ಗಾಡಿ ತಗೊಂಡ, ಬಾರಿನ ಸುದ್ದಿ ಯಾಕೆ ಬಂತು ಅಂತ ಸ್ವಲ್ಪ ಬಿಡಿಸಿ ಹೇಳ್ರಿ’ ಎಂದು ಅವರು ಪತ್ರಿಕೆಗೆ ಬರೆದು ಕೇಳಿದ್ದಾರೆ. ನ್ಯಾಮತಿಯಿಂದಲೂ ಚನ್ನಗಿರಿಯಿಂದಲೂ ಇಂಥವೇ ಪ್ರಶ್ನೆಗಳು ಬಂದಿವೆ. ಮಕ್ಕಳು ರಜೆಗೆ ಊರಿಗೆ ಬಂದಾಗ ತಮ್ಮತಮ್ಮಲ್ಲೇ ಜ್ಯಾಕ್, ಸ್ಟ್ರೀಮ್, ಕ್ರಾಸ್‌ಓವರ್ ಎಂದು ಮಾತಾಡಿಕೊಳ್ಳುತ್ತಾರಂತೆ, ದೊಡ್ಡವರು ಕೇಳಿದರೆ ‘ನಿಮಗೆ ಗೊತ್ತಾಗಲ್ಲ ಬಿಡಿ’ ಅನ್ನುತ್ತಾರಂತೆ. ಗೊತ್ತಾಗದ್ದು ಅದರಲ್ಲಿ ಏನೂ ಇಲ್ಲ.

ಆ ತಾಯಿಗೆ ಮೊದಲು ಸಮಾಧಾನ ಹೇಳಿಬಿಡುತ್ತೇನೆ. ನಿಮ್ಮ ಮಗ ಗಾಡಿ ಕೊಂಡಿಲ್ಲ ತಾಯಿ, ಕುಡಿಯುವ ಕಡೆಗೂ ಹೋಗಿಲ್ಲ. ಮಾಲ್‌ನ ಆಟದ ಮಳಿಗೆಯಲ್ಲಿ ಕುಣಿತದ ಯಂತ್ರ ಹತ್ತಿದ್ದಾನೆ. ನೆಲದಿಂದ ಒಂದು ಮೆಟ್ಟಿಲೆತ್ತರದ ಕಟ್ಟೆ, ಅದರಲ್ಲಿ ಎಡ, ಬಲ, ಮುಂದೆ, ಹಿಂದೆ ಎಂದು ನಾಲ್ಕು ಬಾಣದ ಗುರುತು. ಎದುರಿಗೆ ದೊಡ್ಡ ಪರದೆ. ಹಾಡು ಶುರುವಾದ ಕೂಡಲೇ ಪರದೆಯ ಕೆಳಗಿನಿಂದ ಬಾಣಗಳು ಮೇಲೇರುತ್ತಾ ಬರುತ್ತವೆ. ಮೇಲೆ ನಿಂತಿರುವ ಗುರುತಿಗೆ ಬಾಣ ಬಂದು ಕೂಡುವ ಕ್ಷಣಕ್ಕೆ ಸರಿಯಾಗಿ ಕಾಲಡಿಯ ಅದೇ ಬಾಣವನ್ನು ತುಳಿಯಬೇಕು. ಆಡುವವನ ಬೆನ್ನ ಹಿಂದೆ ಸೊಂಟದೆತ್ತರಕ್ಕೆ ಬಾಗಿದ ಲೋಹದ ಕಂಬಿಯೊಂದಿರುತ್ತದೆ. ಮಗ ಮುಟ್ಟಿಲ್ಲ ಅಂದದ್ದು ಆ ಕಂಬಿಯನ್ನು. ಈ ಆಟವನ್ನು ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಹೆಸರಿನಲ್ಲಿ ತಂದಿತು. ಮರುವರ್ಷವೇ ಕೊರಿಯಾದ ಆಂಡಮಿರೊ ಕಂಪನಿ ‘ಪಂಪ್ ಇಟ್ ಅಪ್’ ತಂದಿತು. ಅದರಲ್ಲಿ ಬಾಣಗಳು ನಾಲ್ಕು ಮೂಲೆಗಿವೆ, ನಡುವೆ ಐದನೆಯ ಚೌಕವೊಂದಿದೆ. ಉಳಿದ ಯಂತ್ರಗಳೆಲ್ಲ ಹೆಚ್ಚುಕಡಿಮೆ ಈ ಎರಡರ ಸಂತತಿ.

ಇನ್ನು ‘12’. ಹಾಡಿನ ಹೆಜ್ಜೆ ಎಷ್ಟು ಕಷ್ಟ ಎಂಬುದಕ್ಕೆ ಅಂಕಿ ಇಡುತ್ತಾರೆ. ಮೊದಮೊದಲು ಪಾದದ ಚಿತ್ರಗಳನ್ನು ಸಾಲಾಗಿ ಇಟ್ಟು ತೋರಿಸುತ್ತಿದ್ದರು, ಹಾಗಾಗಿ ಹಳಬರ ಬಾಯಲ್ಲಿ ಈಗಲೂ ‘ಒಂಬತ್ತು ಅಡಿಯ ಹಾಡು’ ಎಂಬ ಮಾತುಂಟು. 2008ರಲ್ಲಿ ಬಂದ ಆವೃತ್ತಿಯಿಂದ ಅಳತೆ 1ರಿಂದ 20ಕ್ಕೆ ಹಿಗ್ಗಿತು. ‘ಎಫ್‌ಸಿ’ ಎಂದರೆ ಫುಲ್ ಕಾಂಬೋ. ಸರಿಯಾಗಿ ತುಳಿದ ಹೆಜ್ಜೆಗಳನ್ನು ಯಂತ್ರ ಒಂದಕ್ಕೊಂದು ಪೋಣಿಸುತ್ತಾ ಎಣಿಸುತ್ತದೆ, ನಡುವೆ ಒಂದು ತಪ್ಪಿದರೂ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಹಾಡಿನ ಮೊದಲಿನಿಂದ ಕೊನೆಯವರೆಗೆ ಆ ಸರ ಕಡಿಯದಿದ್ದರೆ ಫುಲ್ ಕಾಂಬೋ. 12ನೇ ಮಟ್ಟದ ಹಾಡಿನಲ್ಲಿ ನೂರಾರು ಹೆಜ್ಜೆಗಳಿರುತ್ತವೆ. ಕಂಬಿಯ ಆಸರೆಯಿಲ್ಲದೆ ಅಷ್ಟನ್ನೂ ಬಿಡದೆ ತುಳಿದಿದ್ದಾನೆ ಎಂದರೆ ತಿಂಗಳುಗಟ್ಟಲೆ ಬೆವರು ಹರಿಸಿರಬೇಕು. ಮಗನಿಗೆ ಒಂದು ಶಹಬ್ಬಾಸ್ ಹೇಳಬಹುದು.

ಈ ಆಟದ ಮಾತುಗಳಲ್ಲಿ ಎರಡು ಕುಲ ಇವೆ. ಒಂದು ಕುಲದ ಮಾತುಗಳನ್ನು ಕಂಪನಿಯೇ ಪರದೆಯ ಮೇಲೆ ಬರೆದು ಕೊಟ್ಟಿದೆ. ಪ್ರತಿ ಹೆಜ್ಜೆಗೂ ಯಂತ್ರ ಒಂದು ತೀರ್ಪು ಹೇಳುತ್ತದೆ. ಮಾರ್ವಲಸ್, ಪರ್ಫೆಕ್ಟ್, ಗ್ರೇಟ್, ಗುಡ್, ಮಿಸ್. ಇವು ಗಾಯನ ಸ್ಪರ್ಧೆಯ ನಿರ್ಣಾಯಕರ ಮೆಚ್ಚುಗೆಯಂತೆ ಕೇಳಿಸಿದರೂ ಶುದ್ಧ ಗಡಿಯಾರದ ಲೆಕ್ಕ. ಮಾರ್ವಲಸ್ ಬೀಳಬೇಕಾದರೆ ಪಾದವು ತಾಳಕ್ಕಿಂತ ಒಂದು ಸೆಕೆಂಡಿನ 60ರಲ್ಲಿ ಒಂದು ಭಾಗದಷ್ಟು ಹಿಂದೆ ಅಥವಾ ಮುಂದೆ, ಅಷ್ಟರೊಳಗೆ ಬಿದ್ದಿರಬೇಕು. ಆ ತೀರ್ಪುಗಳಿಂದಲೇ ಪಿಎಫ್‌ಸಿ ಎಂಬ ಸಂಕ್ಷೇಪ ಬಂದಿತು: ಎಲ್ಲ ಹೆಜ್ಜೆಯೂ ಪರ್ಫೆಕ್ಟ್ ಅಥವಾ ಅದಕ್ಕಿಂತ ಮೇಲೆ. ಎಂಎಫ್‌ಸಿ ಎಂದರೆ ಎಲ್ಲವೂ ಮಾರ್ವಲಸ್. ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಂಕಪಟ್ಟಿಯ ಭಾಷೆ ಎಲ್ಲ ಕಡೆಯೂ ಒಂದೇ ತರಹ.

ನನ್ನ ಮನಸ್ಸು ಹಿಡಿದಿರುವುದು ಎರಡನೆಯ ಕುಲ. ಜ್ಯಾಕ್, ಸ್ಟ್ರೀಮ್, ಕ್ರಾಸ್‌ಓವರ್, ಡಬಲ್ ಸ್ಟೆಪ್, ಫುಟ್‌ಸ್ವಿಚ್, ಬ್ರ್ಯಾಕೆಟ್. ಆಡುವವರು ಎಲ್ಲೋ ಕಾಲು ತಡವರಿಸಿದ್ದಾರೆ, ಪಕ್ಕದವನಿಗೆ ‘ಅಲ್ಲಿ ಹುಷಾರು’ ಎಂದು ಹೇಳಬೇಕಾಗಿದೆ, ‘ಅಲ್ಲಿ’ ಅಂದರೆ ಎಲ್ಲಿ ಎನ್ನಲು ಒಂದು ಹೆಸರು ಬೇಕಾಗಿದೆ. ಕಂಪನಿಯ ಮಾತು ಹೆಜ್ಜೆ ಬಿದ್ದ ಮೇಲೆ ತೀರ್ಪು ಹೇಳುತ್ತದೆ. ಆಟಗಾರರ ಮಾತು ಹೆಜ್ಜೆ ಇಡುವ ಮೊದಲು ಕಲಿಸುತ್ತದೆ. ಈ ಆಟಕ್ಕೆ ಗುರುವಿಲ್ಲ, ತರಗತಿಯಿಲ್ಲ, ಪಠ್ಯವಿಲ್ಲ. ಯಂತ್ರದ ಮುಂದೆ ಸರದಿಗೆ ನಿಂತವರೇ ಒಬ್ಬರಿಗೊಬ್ಬರು ಮೇಷ್ಟ್ರು. ಈ ಮಾತುಗಳಿಲ್ಲದೆ ಅವರ ಪಾಠ ನಡೆಯುವುದೇ ಇಲ್ಲ.

ನಾನಿದನ್ನು ಕಣ್ಣಾರೆ ನೋಡಿದ್ದು ಬೆಂಗಳೂರಿನಲ್ಲಿ, ನನ್ನ ತಂಗಿಯ ಮಗಳು ಆಡುವಾಗ. ‘ಮಾವ, ಪರದೆ ನೋಡಬೇಡ, ನನ್ನ ಕಾಲು ನೋಡು’ ಅಂದಳು. ನೋಡಿದೆ. ಮೊದಲ ಅರ್ಧ ನಿಮಿಷ ಎಡ ಬಲ, ಎಡ ಬಲ, ಸಲೀಸು. ಆಮೇಲೆ ಎಡಗಾಲು ಎಡ ಬಾಣ ತುಳಿಯಿತು, ಬಲಗಾಲು ಹಿಂದಿನ ಬಾಣಕ್ಕೆ ಹೋಯಿತು, ಅದರ ಬೆನ್ನಿಗೇ ಎಡಗಾಲು ಬಲಗಾಲಿನ ಮುಂದಿನಿಂದ ಹಾದು ಬಲ ಬಾಣವನ್ನು ತುಳಿಯಿತು. ಸೊಂಟದಿಂದ ಕೆಳಗೆ ಮೈ ಪೂರ್ತಿ ಬಲಕ್ಕೆ ತಿರುಗಿಹೋಗಿತ್ತು, ಕತ್ತು ಮಾತ್ರ ಪರದೆಯ ಕಡೆಗೇ. ಮರುಕ್ಷಣ ಬಿಚ್ಚಿಕೊಂಡು ನೇರ ನಿಂತಳು. ಅದು ಕ್ರಾಸ್‌ಓವರ್. ‘ಯಾಕವ್ವ ಇಷ್ಟು ತಿರುಚಾಡ್ತೀಯ, ಬಲಗಾಲಲ್ಲೇ ಬಲಗಡೆ ತುಳಿದರೆ ಆಗಲ್ವಾ?’ ಎಂದು ಕೇಳಿದೆ. ‘ಆಗುತ್ತೆ ಮಾವ. ಆದರೆ ಅದು ಡಬಲ್ ಸ್ಟೆಪ್ ಆಗಿಬಿಡುತ್ತೆ.’

ಡಬಲ್ ಸ್ಟೆಪ್ ಎಂದರೆ ಒಂದೇ ಕಾಲು ಬೆನ್ನಿಗೆ ಬೆನ್ನು ಎರಡು ಬೇರೆ ಬಾಣ ತುಳಿಯುವುದು. ನಿಧಾನದ ಹಾಡಿನಲ್ಲಿ ಅದರಿಂದ ನಷ್ಟವಿಲ್ಲ. ಹಾಡು ಬಿರುಸಾದರೆ ಬಲಗಾಲು ಹಿಂದಿನಿಂದ ಎದ್ದು ಬಲಕ್ಕೆ ಹೋಗುವಷ್ಟರಲ್ಲಿ ತಾಳ ದಾಟಿ ಹೋಗಿರುತ್ತದೆ, ಅತ್ತ ಎಡಗಾಲು ಕೆಲಸವಿಲ್ಲದೆ ನಿಂತಿರುತ್ತದೆ. ಆದ್ದರಿಂದ ಕಾಲು ಬದಲಿಸುತ್ತಲೇ ಇರಬೇಕು ಎಂಬುದು ಈ ಆಟದ ಮೂಲಪಾಠ. ಮೈ ತಿರುಗಿದರೂ ಚಿಂತೆಯಿಲ್ಲ, ಕಾಲಿನ ಸರದಿ ತಪ್ಪಬಾರದು. ಕ್ರಾಸ್‌ಓವರ್ ಎಂಬ ಹೆಸರಿನ ಹಿಂದೆ ಇಷ್ಟೂ ತರ್ಕ ಕೂತಿದೆ.

ಜ್ಯಾಕ್ ಎಂದರೆ ಒಂದೇ ಬಾಣವನ್ನು ಒಂದೇ ಕಾಲಿನಲ್ಲಿ ಮತ್ತೆ ಮತ್ತೆ ತುಳಿಯುವುದು. ರಸ್ತೆ ಅಗೆಯುವಾಗ ಕಲ್ಲು ಒಡೆಯುವ ಜ್ಯಾಕ್‌ಹ್ಯಾಮರಿನಿಂದ ಬಂದ ಮಾತು. ಇದಕ್ಕೆ ಅವಳಿಯಂತಿರುವುದು ಫುಟ್‌ಸ್ವಿಚ್. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಒಂದೇ ಬಾಣ ಎರಡು ಸಲ. ಆದರೆ ಫುಟ್‌ಸ್ವಿಚ್‌ನಲ್ಲಿ ಮೊದಲ ಸಲ ಒಂದು ಕಾಲು, ಎರಡನೆಯ ಸಲ ಆ ಕಾಲನ್ನು ಸರಿಸಿ ಇನ್ನೊಂದು ಕಾಲು. ಯಾವುದು ಯಾವುದೆಂದು ಪರದೆ ಹೇಳುವುದಿಲ್ಲ. ಮುಂದೆ ಬರುವ ನಾಲ್ಕಾರು ಬಾಣಗಳನ್ನು ಮೊದಲೇ ಓದಿಕೊಂಡು, ಈಗ ಜ್ಯಾಕ್ ಮಾಡಿದರೆ ಆಮೇಲೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೋ, ಬದಲಿಸಿದರೆ ಬಿಡಿಸಿಕೊಳ್ಳುತ್ತದೋ ಎಂದು ಲೆಕ್ಕ ಹಾಕಬೇಕು. ಅದೂ ಓಡುವ ಹಾಡಿನ ನಡುವೆ. ಅವರು ‘ರೀಡಿಂಗ್’ ಅನ್ನುವುದು ಇದಕ್ಕೇ. ಒಮ್ಮೆಯೂ ನೋಡಿರದ ಹಾಡನ್ನು ಮೊದಲ ಸಲವೇ ಹೀಗೆ ಓದಿ ಆಡಿದರೆ ‘ಸೈಟ್‌ರೀಡ್’. ‘ಸೈಟ್‌ರೀಡಲ್ಲೇ ಪಾಸಾದೆ’ ಎಂದು ಮಗಳು ಹೇಳಿದರೆ ಅದು ಸಣ್ಣ ಮಾತಲ್ಲ.

ಸ್ಟ್ರೀಮ್ ಬಿಡುವಿಲ್ಲದ ಹೆಜ್ಜೆಯ ಪ್ರವಾಹ. ನಿಮಿಷಕ್ಕೆ 150 ಬಡಿತದ ಹಾಡು ಎಂದಿಟ್ಟುಕೊಳ್ಳಿ. ಒಂದೊಂದು ಬಡಿತಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸೆಕೆಂಡಿಗೆ 10 ಹೆಜ್ಜೆಯಾಯಿತು. ಇದನ್ನೇ ಗುರಿಯಾಗಿಟ್ಟುಕೊಂಡವರು ತಮ್ಮನ್ನು ಸ್ಟ್ಯಾಮಿನಾ ಆಟಗಾರರು ಎಂದು ಕರೆದುಕೊಳ್ಳುತ್ತಾರೆ. ಬಿಡುವಿಲ್ಲದೆ ಎಷ್ಟು ಆವರ್ತ ಓಡಿದೆ, ನಡುವೆ ಎಷ್ಟು ‘ಬ್ರೇಕ್’ ಸಿಕ್ಕಿತು ಎಂಬುದೇ ಅವರ ಮಾತುಕತೆ. ಬ್ರ್ಯಾಕೆಟ್ ಎಂದರೆ ಒಂದೇ ಪಾದವನ್ನು ಓರೆಯಾಗಿಟ್ಟು ಬೆರಳ ಕಡೆಯಿಂದ ಒಂದು ಬಾಣ, ಹಿಮ್ಮಡಿಯಿಂದ ಇನ್ನೊಂದು ಬಾಣ ಒತ್ತುವುದು. ‘ಹ್ಯಾಂಡ್ಸ್’ ಎಂದರೆ ಒಟ್ಟಿಗೆ ಮೂರು ಬಾಣ ಬರುವುದು. ಬ್ರ್ಯಾಕೆಟ್ ಮಾಡದಿದ್ದರೆ ಎರಡು ಕಾಲಿನವನು ಬಗ್ಗಿ ಮೂರನೆಯದಕ್ಕೆ ಕೈಯಲ್ಲೇ ಹೊಡೆಯಬೇಕಾಗುತ್ತದೆ.

ಕೆಲವು ಹೆಸರುಗಳು ಹಾಡಿನಿಂದಲೇ ಬಂದಿವೆ. ‘ಆಫ್ರೊನೋವಾ’ ಎಂಬ ಹಾಡಿನಲ್ಲಿ ಒಂದು ತಿರುಚು ನಡಿಗೆ ಇತ್ತು. ಆಮೇಲೆ ಬೇರೆ ಯಾವ ಹಾಡಿನಲ್ಲಿ ಅಂಥ ನಡಿಗೆ ಬಂದರೂ ಅದು ‘ಆಫ್ರೊನೋವಾ ವಾಕ್’ ಎನಿಸಿತು. 2001ರ ‘ಮ್ಯಾಕ್ಸ್ 300’ ಹಾಡು ನಿಮಿಷಕ್ಕೆ 300 ಬಡಿತದ್ದು, ಅದನ್ನು ದಾಟಿದವನಿಗೆ ಆ ಕಾಲದಲ್ಲಿ ದೊಡ್ಡ ಮರ್ಯಾದೆ. ಇನ್ನೊಂದು ಸಂಗತಿ ನನಗೆ ತುಂಬ ಹಿಡಿಸಿತು. ಅಮೆರಿಕದವರು ಕ್ರಾಸ್‌ಓವರ್ ಅಂದ ಹೆಜ್ಜೆಗೆ ಜಪಾನಿನ ಆಟಗಾರರು ‘ಹಿನೆರಿ’ ಅಂದರು, ಕೊರಿಯಾದವರು ‘ಥುಲ್ಗಿ’ ಅಂದರು. ಎರಡಕ್ಕೂ ತಿರುಚುವುದು ಎಂದೇ ಅರ್ಥ. ಯಾವ ಕಂಪನಿಯೂ ಹಂಚಿದ ಹೆಸರುಗಳಲ್ಲ. ಮೂರು ದೇಶದ ಮಕ್ಕಳ ಸೊಂಟ ಒಂದೇ ಜಾಗದಲ್ಲಿ ತಿರುಗಿತು, ಅವರವರ ನಾಲಿಗೆ ಅದಕ್ಕೆ ಅವರವರ ಹೆಸರಿಟ್ಟಿತು.

ಇಂಥದ್ದು ನಮಗೆ ಹೊಸದೇ? ಕುಂಟೆಬಿಲ್ಲೆ ಆಡಿದವರು ನೆನಪು ಮಾಡಿಕೊಳ್ಳಿ. ಶಾಲೆಯಂಗಳದಲ್ಲಿ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಎಳೆದ ಚೌಕಗಳು, ಒಡೆದ ಹೆಂಚಿನ ಚೂರು ಉಜ್ಜಿ ಮಾಡಿದ ಬಿಲ್ಲೆ, ಒಂಟಿಕಾಲು. ಅದೂ ಚೌಕ ತಪ್ಪದೆ ತುಳಿಯುವ ಆಟವೇ. ಚೌಕಕ್ಕೆ ‘ಮನೆ’ ಎಂಬ ಹೆಸರು ಕೊಟ್ಟವರು ಮಕ್ಕಳು. ಎಲ್ಲ ಸುತ್ತು ಮುಗಿಸಿದವಳಿಗೆ ಒಂದು ‘ಮನೆ ಆಯ್ತು’. ಅಲ್ಲಿ ಅವಳು ಎರಡೂ ಕಾಲೂರಿ ದಣಿವಾರಿಸಿಕೊಳ್ಳಬಹುದು, ಬೇರೆಯವರು ಅದನ್ನು ಹಾರಿಯೇ ದಾಟಬೇಕು. ಗೆರೆ ತುಳಿದರೆ ಔಟು, ಎತ್ತಿದ ಕಾಲು ನೆಲಕ್ಕೆ ತಾಗಿದರೆ ಔಟು. ಕಣ್ಣು ಮುಚ್ಚಿ ಮನೆಯಿಂದ ಮನೆಗೆ ಕಾಲಿಡುತ್ತಾ ‘ರೈಟಾ?’ ಎಂದು ಕೇಳುವುದು, ಸುತ್ತ ನಿಂತವರು ‘ರೈಟ್’ ಎಂದು ಕೂಗುವುದು. ಓಣಿಯಿಂದ ಓಣಿಗೆ ಕಾನೂನೂ ಮಾತೂ ಬದಲಾಗುತ್ತಿದ್ದವು. ಬೇರೆ ಊರಿನಿಂದ ರಜೆಗೆ ಬಂದ ಹುಡುಗಿ ಮೊದಲ ದಿನ ಮಾತು ಕಲಿತು ಮರುದಿನ ಆಟಕ್ಕಿಳಿಯುತ್ತಿದ್ದಳು. ಯಾವ ಅಮ್ಮನೂ ಯಾವ ಮೇಷ್ಟ್ರೂ ಇದನ್ನು ಕಲಿಸಿಕೊಟ್ಟದ್ದಿಲ್ಲ. ಇವತ್ತಿನ ತಾಯಂದಿರು ಮಗಳ ಬಾಯಲ್ಲಿ ಫುಟ್‌ಸ್ವಿಚ್ ಎಂಬ ಮಾತು ಕೇಳಿದಾಗ ತಾವು ‘ಮನೆ’ ಹಿಡಿದ ದಿನಗಳನ್ನು ಅವಳಿಗೆ ಹೇಳಿ ನೋಡಲಿ. ‘ನಿಮಗೆ ಗೊತ್ತಾಗಲ್ಲ’ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ ಎಂಬ ನಂಬಿಕೆ ನನಗಿದೆ.

ಈಗ ಆ ಬಾರ್. ಕಂಬಿ ಇಟ್ಟಿರುವುದು ಆಡುವವರು ಹಿಂದಕ್ಕೆ ಬೀಳದಿರಲಿ ಎಂದು. ಆದರೆ ಎರಡೂ ಕೈ ಹಿಂದಕ್ಕೆ ಚಾಚಿ ಅದನ್ನು ಹಿಡಿದುಕೊಂಡರೆ ಮೈಭಾರದ ಒಂದು ಪಾಲು ತೋಳಿಗೆ ಹೋಗುತ್ತದೆ, ಕಾಲು ಹಗುರಾಗುತ್ತದೆ, ಬಿರುಸಿನ ಹೆಜ್ಜೆ ಸಲೀಸಾಗುತ್ತದೆ. ಇದು ಸರಿಯೇ ತಪ್ಪೇ ಎಂದು ಆಟಗಾರರಲ್ಲಿ ಹಳೆಯ ಜಗಳವಿದೆ. ಹಿಡಿಯದೆ ಆಡಿದವರು ‘ನೋ ಬಾರ್’ ಎಂದು ಹೇಳಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಹಿಡಿಯುವುದರಲ್ಲಿ ತಪ್ಪಿಲ್ಲ, ಹಿಡಿದದ್ದನ್ನು ಮುಚ್ಚಿಡುವುದು ತಪ್ಪು. ಅತಿ ಕಠಿಣದ ಹಾಡುಗಳನ್ನು ಕಂಬಿಯಿಲ್ಲದೆ ಆಡಹೊರಟು ಮೊಣಕಾಲಿಗೆ ಪೆಟ್ಟು ಮಾಡಿಕೊಳ್ಳುವುದರಲ್ಲಿ ಜಾಣತನವಿಲ್ಲ. ಹೊನ್ನಾಳಿಯ ಹುಡುಗ ಮುಟ್ಟಿಲ್ಲ ಎಂದು ಬರೆದದ್ದು ಬರಿಯ ಜಂಬ ಎಂದು ನನಗನ್ನಿಸುವುದಿಲ್ಲ. ಫಲಿತಾಂಶವನ್ನು ಹೇಗೆ ಪಡೆದೆ ಎಂದು ಜೊತೆಯವರಿಗೆ ತಿಳಿಸುವ ರೂಢಿ ಅವರಲ್ಲಿದೆ, ಅದು ಒಳ್ಳೆಯ ರೂಢಿ.

ಇನ್ನೊಂದು ಮಾತು ದೊಡ್ಡವರನ್ನು ತುಂಬ ಗೊಂದಲಕ್ಕೆ ಹಾಕುತ್ತದೆ, ‘ಸ್ಪೀಡ್ ಮಾಡ್’. ಮಕ್ಕಳು ‘ಮೂರು ಎಕ್ಸ್ ಹಾಕ್ಕೊಂಡೆ, ಈಗ ಸುಲಭ ಆಯ್ತು’ ಅನ್ನುತ್ತಾರೆ. ಮೂರು ಪಟ್ಟು ವೇಗ ಮಾಡಿದರೆ ಸುಲಭ ಹೇಗಾದೀತು? ಇಲ್ಲಿ ಹಾಡಿನ ವೇಗ ಬದಲಾಗುವುದಿಲ್ಲ, ಬಾಣಗಳು ಪರದೆಯಲ್ಲಿ ಮೇಲೇರುವ ವೇಗ ಮಾತ್ರ ಬದಲಾಗುತ್ತದೆ. ನಿಧಾನಕ್ಕೆ ಏರಿದರೆ ಎರಡು ಬಡಿತಗಳ ನಡುವಿನ ಜಾಗ ಕಿರಿದು. ಬಾಣಗಳು ಒಂದರ ಮೇಲೊಂದು ಒತ್ತಿಕೊಂಡು ಗುಂಪಾಗಿ ಬರುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೂರು ಪಟ್ಟು ವೇಗವಾಗಿ ಏರಿದರೆ ನಡುವಿನ ಅಂತರವೂ ಮೂರು ಪಟ್ಟಾಗುತ್ತದೆ. ಒಂದೊಂದೇ ಬಾಣ ಬಿಡಿಬಿಡಿಯಾಗಿ ಬರುತ್ತದೆ. ಯಂತ್ರದ ಮುಂದೆ ನಿಂತು ‘ಅಯ್ಯೋ ಎಷ್ಟು ಜೋರಾಗಿ ಹೋಗ್ತಿದೆ’ ಎಂದು ನಾವು ಬೆರಗಾಗುವ ಹೊತ್ತಿಗೆ ಅವರು ಓದಲು ಅನುಕೂಲ ಮಾಡಿಕೊಂಡಿರುತ್ತಾರೆ.

ಸರದಿಯ ಮಾತುಗಳೂ ಇವೆ. ಹೊರದೇಶದ ಮಳಿಗೆಗಳಲ್ಲಿ ಮುಂದಿನ ಆಟ ನನ್ನದು ಎನ್ನಲು ಯಂತ್ರದ ಅಂಚಿನ ಮೇಲೆ ನಾಣ್ಯವನ್ನೋ ಟೋಕನ್ನನ್ನೋ ಸಾಲಾಗಿ ಇಡುವ ಪದ್ಧತಿ ಬಹಳ ಕಾಲ ನಡೆಯಿತು. ನಮ್ಮಲ್ಲಿ ಕಾರ್ಡ್ ಉಜ್ಜುವ ಕಾಲ, ಹಾಗಾಗಿ ‘ನೆಕ್ಸ್ಟ್ ನಂದು’ ಎಂದು ಬಾಯಲ್ಲೇ ಮುಗಿಯುತ್ತದೆ.

ಆಟಗಾರರ ಈ ಭಾಷೆ ಬೇಗ ಬೆಳೆಯಲು ಒಂದು ಕಾರಣವಿದೆ. ಹೆಜ್ಜೆಗಳನ್ನು ಬರೆಯುವ ಕೆಲಸ ಕಂಪನಿಯ ಕೈಯಲ್ಲಷ್ಟೇ ಉಳಿಯಲಿಲ್ಲ. 2001ರಲ್ಲಿ ‘ಸ್ಟೆಪ್‌ಮೇನಿಯಾ’ ಎಂಬ ಉಚಿತ ತಂತ್ರಾಂಶ ಬಂದಿತು. ಯಾವುದೇ ಹಾಡಿಗೆ ಯಾರು ಬೇಕಾದರೂ ಹೆಜ್ಜೆ ಬರೆದು ಮನೆಯ ಕಂಪ್ಯೂಟರಿನಲ್ಲೇ ಆಡಬಹುದು. ಅದನ್ನು ಆಧರಿಸಿ 2004ರಲ್ಲಿ ಅಮೆರಿಕದ ರಾಕ್ಸಾರ್ ಕಂಪನಿ ‘ಇನ್ ದ ಗ್ರೂವ್’ ಎಂಬ ಯಂತ್ರದಾಟ ತಂದಿತು. ಅದರಲ್ಲಿ ಹ್ಯಾಂಡ್ಸ್ ಇದ್ದವು, ತುಳಿಯಬಾರದ ‘ಮೈನ್’ಗಳೂ ಇದ್ದವು. ಮರುವರ್ಷ ಕೊನಾಮಿ ಕೋರ್ಟಿಗೆ ಹೋಯಿತು, 2006ರ ರಾಜಿಯಲ್ಲಿ ಆ ಆಟದ ಹಕ್ಕು ಕೊನಾಮಿಯ ಪಾಲಾಯಿತು. ಆದರೆ ಸ್ಟೆಪ್‌ಮೇನಿಯಾ ಉಳಿಯಿತು, ಬರೆಯುವವರು ನಿಲ್ಲಲಿಲ್ಲ. ಬರೆಯಲು ಕೂತವನಿಗೆ ‘ಇಲ್ಲಿ ಕ್ರಾಸ್‌ಓವರ್ ಇಡಲೇ, ಇಲ್ಲಿ ಡಬಲ್ ಸ್ಟೆಪ್ ಆಗುತ್ತದೆಯೇ’ ಎಂದು ಪ್ರತಿ ಸಾಲಿನಲ್ಲೂ ಯೋಚಿಸಬೇಕು. ಹೀಗೆ ಮಾತುಗಳಿಗೆ ಖಚಿತವಾದ ಅರ್ಥ ನಿಂತಿತು.

ನಮ್ಮ ಕಡೆಯ ಮಕ್ಕಳಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಕುಣಿತದ ಯಂತ್ರಕ್ಕಾಗಿ ದೊಡ್ಡ ಊರಿಗೇ ಹೋಗಬೇಕಾಗಿಲ್ಲ. ಹಳೆಯದೊಂದು ಲ್ಯಾಪ್‌ಟಾಪ್ ಇದ್ದರೆ ಸಾಕು, ಮೊದಲು ಕೀಲಿಮಣೆಯ ಬಾಣದ ಗುಂಡಿಗಳಲ್ಲಿ ಬೆರಳಿನಿಂದ ಆಡಿ ಕಲಿಯಬಹುದು. ಹೆಜ್ಜೆ ಬರೆಯುವುದು ಇನ್ನೂ ಚೆನ್ನ. ಸ್ಟೆಪ್‌ಮೇನಿಯಾದ ಹೆಜ್ಜೆಯ ಕಡತ ತೆರೆದರೆ ಒಳಗಿರುವುದು ಬರಿಯ ಅಂಕಿಗಳ ಸಾಲು. ನಾಲ್ಕು ಅಂಕಿಗೆ ನಾಲ್ಕು ಬಾಣ: 1000 ಎಂದರೆ ಎಡ, 0100 ಎಂದರೆ ಹಿಂದೆ, 0010 ಎಂದರೆ ಮುಂದೆ, 0001 ಎಂದರೆ ಬಲ. 1001 ಎಂದು ಬರೆದರೆ ಎಡ ಬಲ ಎರಡಕ್ಕೂ ಒಟ್ಟಿಗೆ ಹಾರಬೇಕು. 0000 ಎಂದರೆ ಆ ಕ್ಷಣಕ್ಕೆ ಹೆಜ್ಜೆಯಿಲ್ಲ. ಒಂದು ಆವರ್ತ ಮುಗಿದಾಗ ಒಂದು ಅಲ್ಪವಿರಾಮ. ಇಷ್ಟನ್ನು ಏಳನೇ ತರಗತಿಯ ಮಗು ಒಂದು ಮಧ್ಯಾಹ್ನದಲ್ಲಿ ಕಲಿತೀತು.

ಆಮೇಲೆ ಒಂದು ಡೊಳ್ಳಿನ ಧ್ವನಿಮುದ್ರಣ ತೆಗೆದುಕೊಂಡು ಪ್ರಯತ್ನಿಸಿ ನೋಡಿ. ಸಿನಿಮಾ ಹಾಡಿನಲ್ಲಿ ಯಂತ್ರದ ತಾಳವಿದ್ದರೆ ನಿಮಿಷಕ್ಕೆ ಇಷ್ಟು ಬಡಿತ ಎಂದು ಒಂದೇ ಸಂಖ್ಯೆ ಕೊಟ್ಟರೆ ಕೊನೆಯವರೆಗೂ ಕೂಡುತ್ತದೆ. ಡೊಳ್ಳು ಹಾಗಲ್ಲ. ಬಾರಿಸುವವರಿಗೆ ಹುರುಪೇರಿದಂತೆ ಬಡಿತ ಬಿರುಸಾಗುತ್ತದೆ, ಗತಿ ಬದಲಿಸುವ ಮುನ್ನ ಒಂದಿಷ್ಟು ಎಳೆದು ನಿಲ್ಲುತ್ತದೆ. ಮೊದಲ ಆವರ್ತದಲ್ಲಿ ಸರಿಯಾಗಿ ಕೂಡಿದ ಬಾಣ ಹತ್ತನೆಯದರ ಹೊತ್ತಿಗೆ ಡೊಳ್ಳಿನ ಪೆಟ್ಟಿಗಿಂತ ಹಿಂದೆ ಬಿದ್ದಿರುತ್ತದೆ. ಆಟಗಾರರು ಇದಕ್ಕೆ ‘ಸಿಂಕ್ ಹೋಯ್ತು’ ಅನ್ನುತ್ತಾರೆ. ಸರಿಮಾಡಬೇಕಾದರೆ ಪ್ರತಿ ಕೆಲವು ಆವರ್ತಕ್ಕೊಮ್ಮೆ ವೇಗದ ಸಂಖ್ಯೆಯನ್ನು ಹೊಸದಾಗಿ ಬರೆಯಬೇಕು. ಅದಕ್ಕಾಗಿ ಆ ಬಾರಿಸಿದವರ ಕೈ ಎಲ್ಲಿ ಬಿರುಸಾಯಿತು, ಎಲ್ಲಿ ತಡೆಯಿತು ಎಂದು ಮತ್ತೆ ಮತ್ತೆ ಕಿವಿಗೊಟ್ಟು ಕೇಳಬೇಕು. ಎರಡು ನಿಮಿಷದ ಡೊಳ್ಳಿಗೆ ಒಂದು ವಾರವೇ ಹಿಡಿದೀತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಂದಲಾದರೂ ಸರಿ, ಯಾರಾದರೂ ಬರೆದು ಮುಗಿಸಿದರೆ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಮೊದಲು ಆಡುವವಳು ನಾನೇ ಎಂದು ತಂಗಿಯ ಮಗಳು ಈಗಲೇ ಹೇಳಿಟ್ಟಿದ್ದಾಳೆ.